ಎಳೆಯ ಮಕ್ಕಳೊಡನೆ ಚಳಿಗಾಲದ ಸಮುದ್ರಯಾನ: ಯಾವ ಊರಿಗೆ ಹೋಗೋಣ?

ಲೆಕ್ಕಪತ್ರಗಳ ನಡುವೆಯೇ ಆಯುಷ್ಯ ಕಳೆಯುತ್ತಿರುವ ಬ್ಯಾಂಕ್ ಅಧಿಕಾರಿಯೊಬ್ಬನು ಆರೋಗ್ಯದ ಪುಟಗಳಿಗೆ ಲೇಖನ ಬರೆಯಲು ಹೊರಡುವುದು ಅಧಿಕಪ್ರಸಂಗವೆಂದು ಓದುಗರಿಗೆ ತೋರಬಹುದು. ಆದರೆ ದೀಪಾವಳಿ ಸಮೀಪಿಸುತ್ತಿದ್ದಂತೆ ನಮ್ಮ ಸಂಘದ ತರುಣ ದಂಪತಿಗಳಲ್ಲಿ ಒಬ್ಬಿಬ್ಬರಾದರೂ ನನ್ನ ಬಳಿ ಬಂದು, “ಡಿಸೆಂಬರ್ ರಜೆಯಲ್ಲಿ ಮಕ್ಕಳನ್ನು ಹಡಗಿನಲ್ಲಿ ಕರೆದುಕೊಂಡು ಹೋಗಬೇಕೆಂದಿದ್ದೇವೆ, ಯಾವ ಊರಿಗೆ ಹೋದರೆ ಒಳ್ಳೆಯದು?” ಎಂದು ಕೇಳುತ್ತಾರೆ. ನನ್ನ ಇಬ್ಬರು ಮಕ್ಕಳು ಚಿಕ್ಕವರಾಗಿದ್ದಾಗ ನಾನು ಅಂಥ ಪ್ರವಾಸವೊಂದನ್ನು ಮಾಡಿ ಬಂದವನೆಂಬುದೇ ಇದಕ್ಕೆ ಕಾರಣ. ಆ ಪ್ರವಾಸದ ಸಂತೋಷಕ್ಕಿಂತಲೂ ಅದರಲ್ಲಿ ನಾನು ಮಾಡಿದ ಒಂದು ತಪ್ಪು ನನಗೆ ಹೆಚ್ಚಿನ ಪಾಠ ಕಲಿಸಿತು. ಅದನ್ನು ಮುಂದೆ ನಿವೇದಿಸುವೆನು.

ಸಮುದ್ರಯಾನವು ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ಕರಾವಳಿಯ ನದಿಗಳಿಗೆ ಸೇತುವೆಗಳಿಲ್ಲದ ಕಾಲದಲ್ಲಿ ಮಂಗಳೂರು, ಕಾರವಾರಗಳ ಕಡೆಯ ನಮ್ಮ ಹಿರಿಯರು ಅನೇಕರು ಸ್ಟೀಮರಿನಲ್ಲಿಯೇ ಈ ನಗರಕ್ಕೆ ಬಂದಿಳಿದರು. ನನ್ನ ಅಜ್ಜ ಹೇಳುತ್ತಿದ್ದಂತೆ, ಅವರು ಹತ್ತಿದ ಸ್ಟೀಮರು ದಡದವರೆಗೆ ಬರುತ್ತಿರಲಿಲ್ಲ. ದೋಣಿಯಲ್ಲಿ ಅದರ ಬದಿಗೆ ಹೋಗಿ, ಅಲೆಯ ಏರಿಳಿತ ನೋಡಿಕೊಂಡು ಏಣಿ ಹತ್ತಬೇಕಾಗಿತ್ತು. ಮಳೆಗಾಲದಲ್ಲಿ ಆ ಸಂಚಾರವೂ ನಿಂತುಹೋಗುತ್ತಿತ್ತು. ಮಳೆಗಾಲದ ಕಡಲು ಎಷ್ಟು ನಿರ್ದಯವೆಂಬುದಕ್ಕೆ 1947ರ ಜುಲೈ 17ರಂದು ಮುಂಬಯಿಯ ಭಾವುಚಾ ಧಕ್ಕೆಯಿಂದ ರೇವಸಕ್ಕೆ ಹೊರಟ ‘ರಾಮದಾಸ’ ಸ್ಟೀಮರು ಮುಳುಗಿ ಆರುನೂರಕ್ಕೂ ಹೆಚ್ಚು ಜನ ಅಸುನೀಗಿದ ದುರಂತವೇ ಸಾಕ್ಷಿ. ಕಾಲವನ್ನು ನೋಡು, ಹತ್ತಿ ಇಳಿಯುವ ಬಗೆಯನ್ನು ನೋಡು — ಅಜ್ಜನ ಕಾಲದ ಈ ಎರಡು ಎಚ್ಚರಿಕೆಗಳು ಇಂದಿನ ಹವಾನಿಯಂತ್ರಿತ ಹಡಗುಗಳಿಗೂ ಅನ್ವಯಿಸುತ್ತವೆ.

ಈಗಿನ ವಿಹಾರ ನೌಕೆಗಳು ಏಳೆಂಟು ಅಂತಸ್ತಿನ ಹೋಟೆಲುಗಳಂತಿವೆ. 2016ರ ಡಿಸೆಂಬರ್‌ನಲ್ಲಿ ಇಟಲಿಯ ಕೋಸ್ಟಾ ಸಂಸ್ಥೆಯು ಮುಂಬಯಿಯಿಂದ ಕೊಚ್ಚಿ, ಮಾಲ್ದೀವ್ಸ್ ಕಡೆಗೆ ಪ್ರವಾಸಗಳನ್ನು ಆರಂಭಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೀಲಿಯಾ ಸಂಸ್ಥೆಯ ‘ಎಂಪ್ರೆಸ್’ ಹಡಗು ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಹೊರಡಲಾರಂಭಿಸಿದ ಮೇಲೆ ಮಧ್ಯಮ ವರ್ಗದವರಿಗೂ ಇದರ ರುಚಿ ಹತ್ತಿತು. ಬಲ್ಲಾರ್ಡ್ ಪಿಯರ್ ಬಳಿಯ ಹೊಸ ಅಂತರರಾಷ್ಟ್ರೀಯ ಪ್ರಯಾಣಿಕರ ಟರ್ಮಿನಲ್ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ಅಂತೂ ಡೊಂಬಿವಲಿಯವರಾಗಲಿ ಮೀರಾ ರೋಡಿನವರಾಗಲಿ ಲೋಕಲ್ ರೈಲಿನಲ್ಲಿ ಕೋಟೆಯ ಕಡೆಗೆ ಬಂದು ಹಡಗು ಹತ್ತಬಹುದಾದ ಕಾಲವಿದು.

ಮೊದಲು ಕಾಲ ನಿರ್ಣಯ

ಅರಬ್ಬೀ ಸಮುದ್ರವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತದ ವಶದಲ್ಲಿರುತ್ತದೆ. ಅದು ಹಿಂದೆ ಸರಿದೊಡನೆ ಕಡಲು ಸಂಪೂರ್ಣ ಶಾಂತವಾಯಿತೆಂದು ಭಾವಿಸಬಾರದು. ಮಳೆಗಾಲಕ್ಕೆ ಮುಂಚಿನ ಮೇ ತಿಂಗಳಂತೆಯೇ ಅಕ್ಟೋಬರ್, ನವೆಂಬರ್ ತಿಂಗಳುಗಳೂ ಚಂಡಮಾರುತಗಳ ಕಾಲ. 2017ರಲ್ಲಿ ‘ಓಖಿ’ ಚಂಡಮಾರುತವು ಲಕ್ಷದ್ವೀಪವನ್ನು ಅಪ್ಪಳಿಸಿದ್ದು ಡಿಸೆಂಬರ್‌ನ ಮೊದಲ ದಿನಗಳಲ್ಲಿ. ಅದರ ಪ್ರಭಾವದಿಂದ ಆ ತಿಂಗಳ 5ರಂದು ಮುಂಬಯಿಯಲ್ಲಿಯೂ ಅಕಾಲ ಮಳೆ ಸುರಿಯಿತು. ಆದುದರಿಂದ ದೀಪಾವಳಿ ರಜೆಗಿಂತ ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಅಂತ್ಯದವರೆಗಿನ ಅವಧಿಯೇ ಮಕ್ಕಳಿರುವ ಕುಟುಂಬಕ್ಕೆ ಪ್ರಶಸ್ತ. ಕ್ರಿಸ್‌ಮಸ್ ವಾರದಲ್ಲಿ ದರವೂ ಜನಸಂದಣಿಯೂ ಏರುವುದರಿಂದ, ಮಕ್ಕಳು ಇನ್ನೂ ಶಾಲೆಗೆ ಸೇರಿರದಿದ್ದರೆ ಜನವರಿಯನ್ನು ಆರಿಸಿಕೊಳ್ಳುವುದು ಲೇಸು.

ಊರಿಗಿಂತ ಮುಂಚೆ ಮಗುವನ್ನು ನೋಡಿ

ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡುವಾಗ ನಾವು ಅರ್ಜಿದಾರನ ಆಸೆಯನ್ನು ತೂಗುವುದಿಲ್ಲ, ಅವನ ಸಾಮರ್ಥ್ಯವನ್ನು ತೂಗುತ್ತೇವೆ. ಪ್ರವಾಸದ ಊರನ್ನು ಆರಿಸುವಲ್ಲಿಯೂ ಇದೇ ಕ್ರಮ ಹಿತಕರ. ಇಲ್ಲಿ ಪರಿಗಣಿಸಬೇಕಾದದ್ದು ಮನೆಯ ಅತ್ಯಂತ ಚಿಕ್ಕ ಮಗುವಿನ ಸಾಮರ್ಥ್ಯವನ್ನು. ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಹಡಗಿನಲ್ಲಿ ಎಷ್ಟು ರಾತ್ರಿ ಕಳೆಯಬೇಕು? ಊರು ಬಂದಾಗ ಹಡಗು ಧಕ್ಕೆಗೇ ತಾಗಿ ನಿಲ್ಲುವುದೇ, ಅಥವಾ ನಡುನೀರಿನಲ್ಲಿ ನಿಂತು ಚಿಕ್ಕ ದೋಣಿಗಳಲ್ಲಿ ಇಳಿಸುವುದೇ? ಮಗುವಿಗೆ ಕಾಯಿಲೆಯಾದರೆ ದಡದ ಆಸ್ಪತ್ರೆ ಎಷ್ಟು ಗಂಟೆಗಳ ದೂರದಲ್ಲಿದೆ? ಮೂರನೆಯ ಪ್ರಶ್ನೆಯನ್ನು ನಾನು ಹೊರಡುವಾಗ ಕೇಳಿಕೊಂಡಿರಲಿಲ್ಲ.

ಬಹುತೇಕ ಹಡಗು ಸಂಸ್ಥೆಗಳು ಆರು ತಿಂಗಳು ತುಂಬದ ಶಿಶುಗಳನ್ನು ಹತ್ತಿಸಿಕೊಳ್ಳುವುದಿಲ್ಲ. ದೂರದ ಸಾಗರಯಾನಗಳಿಗೆ ಒಂದು ವರ್ಷ ತುಂಬಿರಬೇಕೆಂಬ ನಿಯಮವೂ ಉಂಟು. ಹಡಗಿನಲ್ಲಿರುವ ಚಿಕಿತ್ಸಾಲಯವು ಪ್ರಥಮ ಉಪಚಾರಕ್ಕೆ ತಕ್ಕುದೇ ಹೊರತು ಮಕ್ಕಳ ಆಸ್ಪತ್ರೆಗೆ ಸಮಾನವಲ್ಲವೆಂಬುದೇ ಇದರ ಹಿಂದಿನ ವಿವೇಕ.

ಊರುಗಳ ತುಲನೆ

ಮೊದಲ ಪರೀಕ್ಷೆಯನ್ನು ಮನೆಯ ಬಾಗಿಲಿನಲ್ಲಿಯೇ ಮಾಡಬಹುದು. ಭಾವುಚಾ ಧಕ್ಕೆಯಿಂದ ಮಾಂಡವಾಕ್ಕೆ 2020ರ ಮಾರ್ಚ್‌ನಲ್ಲಿ ಆರಂಭವಾದ, ಕಾರುಗಳನ್ನೂ ಸಾಗಿಸುವ ದೊಡ್ಡ ದೋಣಿಯ ಪ್ರಯಾಣ ಸುಮಾರು ಒಂದು ಗಂಟೆಯದು. ಒಂದು ಭಾನುವಾರ ಮಕ್ಕಳನ್ನು ಅದರಲ್ಲಿ ಕರೆದೊಯ್ದರೆ ಯಾರ ಹೊಟ್ಟೆ ತೊಳಸುತ್ತದೆ, ಯಾರು ಕಟಕಟೆ ಹತ್ತಲು ಹೋಗುತ್ತಾರೆ ಎಂಬುದು ಅಲ್ಪ ವೆಚ್ಚದಲ್ಲಿ ತಿಳಿದುಬಿಡುತ್ತದೆ. ಗೇಟ್‌ವೇಯಿಂದ ಎಲಿಫಂಟಾಕ್ಕೆ ಹೋಗುವ ದೋಣಿಯೂ ಅಷ್ಟೇ ಹೊತ್ತಿನದು. ಆದರೆ 2024ರ ಡಿಸೆಂಬರ್ 18ರಂದು ಅದೇ ಹಾದಿಯಲ್ಲಿ ‘ನೀಲಕಮಲ್’ ದೋಣಿಗೆ ನೌಕಾಪಡೆಯ ವೇಗದ ದೋಣಿ ಬಡಿದು ಹದಿನೈದು ಮಂದಿ ಮೃತಪಟ್ಟರು. ಕಡಲು ಕನ್ನಡಿಯಂತಿದ್ದರೂ ಮಗುವಿನ ಅಳತೆಯ ಲೈಫ್ ಜಾಕೆಟ್ ತೊಡಿಸದೆ ದೋಣಿ ಹತ್ತಬಾರದೆಂಬುದನ್ನು ಈ ಘಟನೆ ನಮಗೆ ಮರೆಯಲಾಗದಂತೆ ಕಲಿಸಿದೆ.

ಎರಡರಿಂದ ಆರು ವರ್ಷದ ಮಕ್ಕಳಿರುವವರಿಗೆ ನನ್ನ ಮೊದಲ ಶಿಫಾರಸು ಗೋವಾ. ಮುಂಬಯಿಯಿಂದ ಸಮುದ್ರಮಾರ್ಗವಾಗಿ ಸುಮಾರು 400 ಕಿಲೋಮೀಟರು. ಸಂಜೆ ಹೊರಟರೆ ಮರುದಿನ ತಲುಪಬಹುದು. ಎರಡು ರಾತ್ರಿಗಳಲ್ಲಿ ಹೋಗಿಬರುವ ಪ್ರವಾಸಗಳು ಇರುತ್ತವೆ. ಹಡಗು ಮುರಗಾಂವ್ ಬಂದರಿನ ಧಕ್ಕೆಗೇ ತಾಗುವುದರಿಂದ ಮಗುವನ್ನು ತಳ್ಳುಗಾಡಿಯಲ್ಲಿಯೇ ಇಳಿಸಬಹುದು. ಹಾದಿಯುದ್ದಕ್ಕೂ ಕರಾವಳಿ ಬಹುದೂರವಿರುವುದಿಲ್ಲ, ಇಳಿದ ಕಡೆ ಬಾಂಬೋಲಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಉಂಟು. ಇಳಿದ ಕೆಲವೇ ಗಂಟೆಗಳಲ್ಲಿ ಮಂಗೇಶಿ, ಶಾಂತಾದುರ್ಗಾ, ಹಳೆಯ ಗೋವಾ, ಕಡಲತೀರ ಎಲ್ಲವನ್ನೂ ಮುಗಿಸುವ ಹಟ ಮಾತ್ರ ಬೇಡ. ಮಕ್ಕಳಿಗೆ ಒಂದು ಸ್ಥಳವೇ ಹೇರಳ.

ಕೊಚ್ಚಿಯಲ್ಲಿಯೂ ಹಡಗು ಧಕ್ಕೆಗೆ ತಾಗುತ್ತದೆ. ಆದರೆ ಮುಂಬಯಿಯಿಂದ ಅದು ಸಾವಿರ ಕಿಲೋಮೀಟರಿಗೂ ದೂರ. ನಡುವೆ ಒಂದು ಇಡೀ ಹಗಲು ನೀರಲ್ಲದೆ ಬೇರೇನೂ ಕಾಣುವುದಿಲ್ಲ. ದೊಡ್ಡವರಿಗೆ ಅದು ಧ್ಯಾನ, ಮೂರು ವರ್ಷದ ಮಗುವಿಗೆ ಸೆರೆವಾಸ. ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೂ ಚಳಿಗಾಲದಲ್ಲಿ ವಿದೇಶಿ ವಿಹಾರ ನೌಕೆಗಳು ಬರುತ್ತವೆ. ಅದರ ಪ್ರಯಾಣಿಕರು ಕುದ್ರೋಳಿ, ಮೂಡುಬಿದಿರೆ, ಕಾರ್ಕಳಗಳನ್ನು ಕಂಡು ಸಂಜೆಗೆ ಮರಳುತ್ತಾರೆ. ನಾವು ಟಿಕೆಟ್ ಕೊಳ್ಳುವ ಪ್ರವಾಸದ ಪಟ್ಟಿಯಲ್ಲಿ ಆ ಬಂದರಿನ ಹೆಸರು ಎಂದಾದರೂ ಕಂಡರೆ, ಅಜ್ಜಿ ತಾತಂದಿರನ್ನು ಧಕ್ಕೆಯ ಹೊರಗೆ ಭೇಟಿಯಾಗುವ ಭಾಗ್ಯವೂ ಒದಗೀತು.

ಲಕ್ಷದ್ವೀಪದ ಸೌಂದರ್ಯಕ್ಕೆ ಸಾಟಿಯಿಲ್ಲ. ಆದರೆ ಅದು ಏಳೆಂಟು ವರ್ಷ ತುಂಬಿದ ಮಕ್ಕಳಿಗೆ ಯೋಗ್ಯ. ದ್ವೀಪಗಳು ಕೊಚ್ಚಿಯಿಂದ 220ರಿಂದ 440 ಕಿಲೋಮೀಟರು ದೂರದಲ್ಲಿವೆ. ಹವಳದ ದಿಬ್ಬಗಳೊಳಗಿನ ನೀರು ಆಳವಿಲ್ಲದ ಕಾರಣ ದೊಡ್ಡ ಹಡಗು ಹೊರಗೇ ನಿಲ್ಲುತ್ತದೆ. ಅಜ್ಜನ ಕಾಲದಂತೆಯೇ ಅಲೆಯ ಮೇಲೆ ತೂಗುವ ದೋಣಿಗೆ ಹೆಜ್ಜೆಯಿಡಬೇಕು. ತೋಳಿನಲ್ಲಿ ಮಗುವಿರುವ ತಾಯಿಗೆ ಅದು ಸುಲಭವಲ್ಲ. ಪ್ರವೇಶಕ್ಕೆ ಪರವಾನಗಿ ಬೇಕು. ರೋಗ ಉಲ್ಬಣಿಸಿದವರನ್ನು ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಸಾಗಿಸುವುದೇ ಅಲ್ಲಿನ ರೂಢಿಯೆಂಬುದನ್ನು ನೆನಪಿಡಬೇಕು.

ವಿಮಾನದ ಖರ್ಚನ್ನೂ ಭರಿಸಬಲ್ಲವರಿಗೆ, ಅಲ್ಲಿನ ಪರಿಸ್ಥಿತಿ ಶಾಂತವಾಗಿರುವಾಗ, ಕೊಲ್ಲಿ ನಾಡುಗಳ ಯಾನ ಉತ್ತಮ. ದುಬೈ ಮುಂಬಯಿಯಿಂದ ಮೂರು ಗಂಟೆಗಳ ಹಾರಾಟ. ಬೇಸಿಗೆಯಲ್ಲಿ ಕಾದ ಹೆಂಚಿನಂತಿರುವ ಆ ನಾಡು ಜನವರಿಯಲ್ಲಿ ಹಗಲು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನ ಹಿತವಾದ ಹವೆಯಿಂದ ಕೂಡಿರುತ್ತದೆ. ಸಿಂಗಾಪುರದಲ್ಲಿ ನವೆಂಬರ್‌ನಿಂದ ಜನವರಿಯವರೆಗೆ ಮಳೆ ಹೆಚ್ಚು. ಅಲ್ಲಿಂದ ಹೋಗುವುದಾದರೆ ಈಶಾನ್ಯ ಮಾರುತಕ್ಕೆ ಮೈಯೊಡ್ಡುವ ಪೂರ್ವದ ಕಡಲಿಗಿಂತ, ಮಲಾಕ್ಕಾ ಜಲಸಂಧಿಯ ಮರೆಯಲ್ಲಿ ಪಿನಾಂಗ್, ಫುಕೆಟ್‌ಗಳ ಕಡೆಗೆ ಸಾಗುವ ಹಾದಿ ಶಾಂತವಾದುದು. ಹಿಮವನ್ನೇ ನೋಡಬೇಕೆನ್ನುವವರೂ ಇದ್ದಾರೆ. ಅಲಾಸ್ಕಾದ ಯಾನಗಳು ನಮ್ಮ ಬೇಸಿಗೆ, ಮಳೆಗಾಲಗಳಲ್ಲಿ ನಡೆಯುತ್ತವೆಯೇ ಹೊರತು ಚಳಿಗಾಲದಲ್ಲಲ್ಲ. ದಕ್ಷಿಣ ಧ್ರುವದ ಹಾದಿಯ ಡ್ರೇಕ್ ಜಲಮಾರ್ಗವಂತೂ ನುರಿತ ನಾವಿಕರನ್ನೂ ಮಲಗಿಸುವಂಥದು. ಹಾಲುಹಲ್ಲಿನ ಮಕ್ಕಳಿಗೆ ಆ ಮಾತೇ ಬೇಡ.

ನನ್ನ ತಪ್ಪು, ನಿಮ್ಮ ಎಚ್ಚರಿಕೆ

ನಮ್ಮ ಮಗಳಿಗೆ ಆರು ವರ್ಷ, ಮಗನಿಗೆ ಒಂದು ವರ್ಷ ಎಂಟು ತಿಂಗಳಾಗಿದ್ದಾಗ ನಾವು ಜನವರಿಯಲ್ಲಿ ಗೋವಾದ ಹಡಗು ಹತ್ತಿದೆವು. ವಾಂತಿಯಾದೀತೆಂಬ ಭಯದಿಂದ ನಾನು ಬಸ್ಸಿನ ಪ್ರಯಾಣಕ್ಕೆಂದು ಇಟ್ಟುಕೊಳ್ಳುತ್ತಿದ್ದ ಮಾತ್ರೆಯ ತುಣುಕನ್ನು ಜೇನಿನಲ್ಲಿ ಅರೆದು, ಯಾರನ್ನೂ ಕೇಳದೆ ಮಗನಿಗೂ ನೆಕ್ಕಿಸಿದೆ. ರಾತ್ರಿ ಊಟದ ಹೊತ್ತಿಗೆ ಎಬ್ಬಿಸಿದರೆ ಅವನು ಏಳಲಿಲ್ಲ. ಉಸಿರು ನಿಧಾನವಾಗಿತ್ತು, ಕತ್ತು ಹೆಗಲ ಮೇಲೆ ವಾಲುತ್ತಿತ್ತು. ಹೆಂಡತಿ ಅವನನ್ನೆತ್ತಿಕೊಂಡು ಹಡಗಿನ ವೈದ್ಯರ ಬಳಿಗೆ ಓಡಿದಳು. ಅವರು ಮಾತ್ರೆಯ ಪಟ್ಟಿಯನ್ನು ನೋಡಿ, “ಇದು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದ ಔಷಧ, ಉಸಿರಾಟವನ್ನೇ ಕುಗ್ಗಿಸಬಲ್ಲುದು” ಎಂದು ಹೇಳಿ, ನಡುರಾತ್ರಿ ಮೀರುವವರೆಗೆ ಮಗುವನ್ನು ಕಣ್ಣೆದುರಿಗೇ ಇರಿಸಿಕೊಂಡರು. ಎರಡು ಗಂಟೆಯ ಸುಮಾರಿಗೆ ಅವನು ಕಣ್ತೆರೆದು ಅಮ್ಮನನ್ನು ನೀರು ಕೇಳಿದ. ಅಷ್ಟರವರೆಗೆ ನಾನು ಕಿಟಕಿಯಿಂದ ಹೊರಗಿನ ಕತ್ತಲೆಯಲ್ಲಿ ದೂರದ ದೀಪಗಳನ್ನು ಹುಡುಕುತ್ತ, ನಾವು ಎರಡು ದಿನದ ಹಾದಿಯ ದ್ವೀಪಕ್ಕೆ ಹೊರಟಿರಲಿಲ್ಲವಲ್ಲ ಎಂದು ದೇವರನ್ನು ನೆನೆಯುತ್ತಿದ್ದೆ.

ಆ ಔಷಧದ ಹೆಸರು ಪ್ರೊಮೆಥಜಿನ್. ಪ್ರಯಾಣದ ವಾಂತಿಗೆಂದು ನಮ್ಮ ಅಂಗಡಿಗಳಲ್ಲಿ ದೊರೆಯುವ ಕೆಲವು ಮಾತ್ರೆಗಳಲ್ಲಿ ಅದಿರುತ್ತದೆ. ವಿಪರ್ಯಾಸವೆಂದರೆ, ನನ್ನ ಮಗನಿಗೆ ಅದರ ಅಗತ್ಯವೇ ಇರಲಿಲ್ಲ. ಕಣ್ಣು ಕೋಣೆ ಸ್ಥಿರವಾಗಿದೆಯೆನ್ನುವಾಗ ಒಳಕಿವಿಯ ಸಮತೋಲದ ಅಂಗವು ದೇಹ ತೂಗುತ್ತಿದೆಯೆನ್ನುವುದು. ಈ ಎರಡು ಸಾಕ್ಷ್ಯಗಳ ವೈರುಧ್ಯದಿಂದ ಹೊಟ್ಟೆ ತೊಳಸುತ್ತದೆ. ಎರಡು ವರ್ಷದೊಳಗಿನ ಶಿಶುಗಳಿಗೆ ಈ ಬಾಧೆ ವಿರಳ. ಎರಡರಿಂದ ಹನ್ನೆರಡರ ಮಕ್ಕಳಿಗೇ ಹೆಚ್ಚು. ಅವರಿಗೆ ಔಷಧ ಬೇಕೇ, ಯಾವುದು, ಎಷ್ಟು ಎಂಬುದನ್ನು ಹೊರಡುವ ಮುನ್ನ ನಿಮ್ಮ ಮಕ್ಕಳ ವೈದ್ಯರೇ ಬರೆದುಕೊಡಲಿ.

ಔಷಧವಿಲ್ಲದ ಉಪಾಯಗಳೂ ಇವೆ. ಹಡಗಿನ ನಡುಭಾಗದ, ಕೆಳಗಿನ ಅಂತಸ್ತಿನ ಕೋಣೆಯನ್ನು ಕೇಳಿ ಪಡೆಯಿರಿ. ಅಲ್ಲಿ ತೂಗಾಟ ಕಡಿಮೆ, ಬೆಲೆಯೂ ಬಹುಮಟ್ಟಿಗೆ ಕಡಿಮೆ. ಹೊಟ್ಟೆ ತೊಳಸುವ ಮಗುವಿನ ಕೈಯಿಂದ ಮೊಬೈಲನ್ನು ತೆಗೆದಿಟ್ಟು, ಡೆಕ್ಕಿಗೆ ಕರೆತಂದು, ಆಕಾಶ ಕಡಲು ಕೂಡುವ ಗೆರೆಯನ್ನು ತೋರಿಸಿರಿ. ಹೊಟ್ಟೆ ಬಿರಿಯುವಷ್ಟು ತಿನ್ನಿಸುವುದೂ ಬೇಡ, ಬರಿಹೊಟ್ಟೆಯೂ ಬೇಡ. ವಾಂತಿಯಾದರೆ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಸೂಚಿಸಿದಷ್ಟೇ ನೀರಿನಲ್ಲಿ ಕರಗಿಸಿ ಚಮಚೆ ಚಮಚೆಯಾಗಿ ಕುಡಿಸಿರಿ. ಹಡಗುಗಳಲ್ಲಿ ಬೇಗ ಹರಡುವ ವಾಂತಿಭೇದಿಯ ನೋರೋ ವೈರಸ್ಸಿಗೆ ಕೈಗೆ ಸವರುವ ಸ್ಯಾನಿಟೈಸರ್ ಸಾಲದು. ಊಟಕ್ಕೆ ಮುನ್ನ ಸಾಬೂನು ಮತ್ತು ನೀರೇ ಆಗಬೇಕು. ಮುಂಬಯಿಯ ಚಳಿ ಅಲ್ಪವೆಂದು ಸ್ವೆಟರನ್ನು ಮನೆಯಲ್ಲಿ ಬಿಡಬೇಡಿ. ಡೆಕ್ಕಿನ ಇರುಳ ಗಾಳಿಗಿಂತಲೂ ಕೋಣೆಯ ಹವಾನಿಯಂತ್ರಣವೇ ಮಕ್ಕಳಿಗೆ ಹೆಚ್ಚು ಚಳಿ ತರುತ್ತದೆ.

ಹಡಗು ಹೊರಡುವಾಗ ನಡೆಯುವ ಸುರಕ್ಷತಾ ಕವಾಯತನ್ನು ತಪ್ಪಿಸಿಕೊಳ್ಳಬೇಡಿ. 2012ರ ಜನವರಿ 13ರಂದು ಇಟಲಿಯ ತೀರದಲ್ಲಿ ‘ಕೋಸ್ಟಾ ಕಾಂಕೊರ್ಡಿಯಾ’ ಮಗುಚಿ 32 ಮಂದಿ ಮಡಿದಾಗ, ಅಂದು ಹತ್ತಿದ ಅನೇಕರಿಗೆ ಕವಾಯತು ಇನ್ನೂ ಆಗಿರಲಿಲ್ಲ. ಹಿಂದೆ 24 ಗಂಟೆಗಳೊಳಗೆ ನಡೆಸಿದರೆ ಸಾಕೆಂದಿದ್ದ ನಿಯಮವನ್ನು, 2015ರಿಂದ ಹೊರಡುವ ಮುನ್ನ ಅಥವಾ ಹೊರಟೊಡನೆ ಎಂದು ಬಿಗಿಗೊಳಿಸಲಾಯಿತು. ಮಗುವಿನ ಅಳತೆಯ ಲೈಫ್ ಜಾಕೆಟ್ ಕೋಣೆಯಲ್ಲಿಲ್ಲದಿದ್ದರೆ ಆಗಲೇ ಕೇಳಿ ಪಡೆಯಿರಿ.

ಖರ್ಚಿನ ಮಾತು

ಜಾಹೀರಾತಿನ ದರವು ಸಾಮಾನ್ಯವಾಗಿ ಇಬ್ಬರು ಒಂದು ಕೋಣೆಯಲ್ಲಿದ್ದಾಗಿನ ತಲಾ ದರ. ಅದಕ್ಕೆ ಬಂದರು ಶುಲ್ಕ, ಸೇವಾ ವೆಚ್ಚ, ಜಿ.ಎಸ್.ಟಿ. ಕೂಡಿಸಿ, ಮಕ್ಕಳ ದರವನ್ನು ಪ್ರತ್ಯೇಕವಾಗಿ ವಿಚಾರಿಸಿ, ಒಟ್ಟು ಮೊತ್ತವನ್ನು ಬರಹದಲ್ಲಿ ಪಡೆಯಿರಿ. ಹೊರಡುವ ಮುನ್ನಾದಿನ ಮಗುವಿಗೆ ಜ್ವರ ಬಂದರೆ ಎಷ್ಟು ಹಣ ಮರಳುವುದೆಂಬ ಷರತ್ತನ್ನು ಅಕ್ಷರಶಃ ಓದಿರಿ. ಹಣ ಹೋಗುವುದೆಂಬ ಸಂಕಟದಿಂದ ಜ್ವರದ ಮಗುವನ್ನು ಹಡಗು ಹತ್ತಿಸಿದವರನ್ನು ನಾನು ಕಂಡಿದ್ದೇನೆ. ನಮ್ಮ ದೇಶದೊಳಗಿನ ಪ್ರವಾಸಕ್ಕಾದರೂ ವಿಮೆ ಇರಲಿ. ಅದು ಹಡಗಿನ ಚಿಕಿತ್ಸೆಗೆ ಅನ್ವಯಿಸುವುದೇ ಎಂದು ಕೇಳಿರಿ.

ಒಟ್ಟಿನಲ್ಲಿ ನನ್ನ ಸಲಹೆ ಇಷ್ಟೇ. ಎರಡು ವರ್ಷ ತುಂಬದ ಮಗುವಿರುವವರು ಈ ಚಳಿಗಾಲ ಮಾಂಡವಾದ ಒಂದು ಗಂಟೆಯ ಯಾನದಲ್ಲಿ ತೃಪ್ತಿಪಡಲಿ. ಮುಂದಿನ ವರ್ಷಗಳಲ್ಲಿ ಗೋವಾದ ಎರಡು ರಾತ್ರಿ, ಮಕ್ಕಳು ತಾವಾಗಿ ದೋಣಿಗೆ ಹೆಜ್ಜೆಯಿಡುವಂತಾದಾಗ ಲಕ್ಷದ್ವೀಪ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ನಾಣ್ಣುಡಿಯನ್ನು ನಾವು ಹಣಕ್ಕೆ ಮಾತ್ರ ಅನ್ವಯಿಸುತ್ತೇವೆ. ಎಳೆಯ ಮಕ್ಕಳ ಪ್ರವಾಸಕ್ಕೂ ಅದು ಸಲ್ಲುತ್ತದೆ. ಕಡಲು ಎಲ್ಲಿಗೂ ಹೋಗುವುದಿಲ್ಲ. ಮಕ್ಕಳು ಬೆಳೆಯುವವರೆಗೆ ಅದು ಅಲ್ಲಿಯೇ ಇರುತ್ತದೆ. ಸಂಘದ ಸಕಲ ಕುಟುಂಬಗಳಿಗೂ ಈ ಚಳಿಗಾಲ ಆರೋಗ್ಯವನ್ನೂ ಸಂತೋಷವನ್ನೂ ತರಲೆಂದು ಹಾರೈಸುತ್ತೇನೆ.