ಓಟ ಅರೆಗಳಿಗೆ, ದಣಿವು ಬಹುಹೊತ್ತು

ಹಳಿಯಾಳದ ಹೊಲದ ಬೇಲಿಯ ಮೇಲೆ ತಲೆಯಾಡಿಸುತ್ತ ಕುಳಿತ ಓತಿಕ್ಯಾತವನ್ನು ನೋಡದವರುಂಟೆ? ಹುಡುಗರು ಕಲ್ಲೆತ್ತುವಷ್ಟರಲ್ಲಿ ಅದು ಮಾಯ! ಆದರೆ ಅದನ್ನೇ ನಾಲ್ಕಾರು ಸಲ ಬೆನ್ನಟ್ಟಿದರೆ, ಬಾಯ್ದೆರೆದು, ಕದಲಲಾರದೆ ನಿಂತುಬಿಡುತ್ತದೆ. ನೋಡಿದವರು ಅದನ್ನು ಹೇಡಿಯೆನ್ನಬಹುದು, ಸೋಮಾರಿಯೆನ್ನಬಹುದು. ನಿಜವಾಗಿ ಅದು ಸಾಲಗಾರ.

ಓತಿ, ಹಲ್ಲಿ, ಉಡಗಳು ಮೈಗೆ ಬೇಕಾದ ಕಾವನ್ನು ಬಿಸಿಲಿನಿಂದ ಪಡೆಯುತ್ತವೆ. ಆದ್ದರಿಂದ ಸುಮ್ಮನಿರುವಾಗ ಅವುಗಳ ಶಕ್ತಿವ್ಯಯ ಅಷ್ಟೇ ತೂಕದ ಇಲಿಯ ವ್ಯಯದ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ. ಆದರೆ ಪ್ರಾಣಕ್ಕೆ ಸಂಚಕಾರ ಬಂದಾಗ ಈ ಮಿತವ್ಯಯಿಗೆ ಒದಗುವ ಆಮ್ಲಜನಕ ಸಾಲದು. ಮೈಯನ್ನು ಅತ್ತಿತ್ತ ಬಳುಕಿಸಿ ಓಡುವಾಗ ಉಸಿರಾಟಕ್ಕೂ ಅಡ್ಡಿ. ಆಗ ಮಾಂಸಖಂಡಗಳು ತಮ್ಮಲ್ಲಿ ಕೂಡಿಟ್ಟ ಗ್ಲೈಕೋಜನ್ನನ್ನು ಆಮ್ಲಜನಕವಿಲ್ಲದೆಯೇ ಒಡೆದು ಬಳಸುತ್ತವೆ; ಲ್ಯಾಕ್ಟಿಕ್ ಆಮ್ಲ ಶೇಖರವಾಗುತ್ತದೆ.

ಈ ಸಾಲ ತೀರುವುದು ಓಟ ಮುಗಿದ ಮೇಲೆ. ಅಮೆರಿಕದ ಮರುಭೂಮಿಯ ಇಗುವಾನಾಗಳನ್ನು ಕೇವಲ 15 ಸೆಕೆಂಡು ಓಡಿಸಿ ಅಳೆದಾಗ, ಒಟ್ಟು ವ್ಯಯದ ಬಹುಪಾಲು ಓಟದ್ದಲ್ಲ, ಅನಂತರದ ಚೇತರಿಕೆಯದೆಂದು ಕಂಡುಬಂದಿತು. ನಮ್ಮ ದೇಹ ಲ್ಯಾಕ್ಟಿಕ್ ಆಮ್ಲವನ್ನು ಬಹುಮಟ್ಟಿಗೆ ಉರಿಸಿಬಿಡುತ್ತದೆ. ಈ ಪ್ರಾಣಿಗಳು ಅದರ ಹೆಚ್ಚು ಪಾಲನ್ನು ಮಾಂಸಖಂಡದಲ್ಲಿಯೇ ಮತ್ತೆ ಗ್ಲೈಕೋಜನ್ ಮಾಡಿ ಮುಂದಿನ ಆಪತ್ತಿಗೆ ಕೂಡಿಡುತ್ತವೆ. ಪೂರ್ತಿ ಬಳಲಿದಾಗ ಇದಕ್ಕೆ ಗಂಟೆಗಳೇ ಬೇಕಾದಾವು.

ಉಡದ ರೀತಿ ತುಸು ಬೇರೆ. ಆಫ್ರಿಕದ ಸವನ್ನಾ ಉಡವು ನಡೆಯುವಾಗ ಗಂಟಲನ್ನೇ ತಿದಿಯಂತೆ ಒತ್ತಿ ಗಾಳಿಯನ್ನು ಪುಪ್ಪುಸಕ್ಕೆ ತುಂಬಿಕೊಳ್ಳುವುದನ್ನು ವಿಜ್ಞಾನಿಗಳು 1999ರಲ್ಲಿ ತೋರಿಸಿಕೊಟ್ಟರು. ಉಡದ ಮಾಂಸ, ಎಣ್ಣೆಗಳಿಂದ ಬಲ ಬರುವುದೆಂಬ ಮೂಢನಂಬಿಕೆಯಿಂದ ಅದನ್ನು ಬೇಟೆಯಾಡುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿರುವ ಈ ಪ್ರಾಣಿಯನ್ನು ಕೊಲ್ಲುವುದು ಅಪರಾಧ.

ಜೋಯಿಡಾ, ದಾಂಡೇಲಿಗಳ ಕಾಡಿನ ಹಾರುವ ಓತಿಯದು ಇನ್ನೊಂದು ಜಾಣತನ. ಮರದಿಂದ ಇಳಿದು, ನೆಲದ ಮೇಲೆ ಓಡಿ, ಮತ್ತೊಂದು ಮರವನ್ನು ಹತ್ತುವ ಶ್ರಮವೇಕೆ? ನೀಳವಾದ ಪಕ್ಕೆಲುಬುಗಳ ಮೇಲಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ ಅದು ತೇಲಿಹೋಗುತ್ತದೆ.

ಎಂದಮೇಲೆ, ನಾವು ವಿನೋದಕ್ಕೆಂದು ಅಟ್ಟಿಸಿದ ಒಂದು ಓಟಕ್ಕೂ ಬೆಲೆಯುಂಟು. ದಣಿದು ನಿಂತ ಓತಿಯ ಮೇಲೆ ಹದ್ದು ಎರಗಿದರೆ ಎರಡನೆಯ ಓಟಕ್ಕೆ ಅದರಲ್ಲಿ ಬಲವಿರುವುದಿಲ್ಲ. ಓತಿಕ್ಯಾತನಿಗೆ ಬೇಲಿ ಸಾಕ್ಷಿಯೆಂದು ನಗುವ ಹುಡುಗರಿಗೆ ಹಿರಿಯರು ಇಷ್ಟನ್ನು ತಿಳಿಸಿ ಹೇಳಿದರೆ, ಕೈಯಲ್ಲಿ ಎತ್ತಿದ ಕಲ್ಲು ಕೆಳಗಿಳಿದೀತು.