ಜಾತಿ ನಾಯಿ ಮೇಲೋ, ಕ್ರಾಸ್ ನಾಯಿ ಮೇಲೋ?

ಬಾಗಲಕೋಟೆ ಬಸ್ ಸ್ಟ್ಯಾಂಡಿನಲ್ಲಿ ಇಳಕಲ್ ಬಸ್ಸಿಗೆ ಕಾಯುವವರ ಮಾತಿಗೆ ಒಂದು ಕ್ರಮ ಉಂಟು. ಮೊದಲು ರಾಜಕೀಯ, ಆಮೇಲೆ ಮಳೆ, ಆಮೇಲೆ ಉಳ್ಳಾಗಡ್ಡಿ ರೇಟು. ಅದೂ ಮುಗಿದು ಬಸ್ ಇನ್ನೂ ಬರಲಿಲ್ಲವೋ, ನಾಯಿ! ನಮ್ಮ ಜಿಲ್ಲೆಯಲ್ಲಿ ನಾಯಿಯ ಮಾತೆಂದರೆ ಮುಧೋಳ ನಾಯಿಯ ಮಾತು.

"ಗ್ರೇಹೌಂಡ್ ಕ್ರಾಸಿನ ಮುಂದ ನಿಮ್ಮ ಜಾತಿ ನಾಯಿ ಏನ್ ಓಡತೈತ್ರಿ?" ಎಂದು ಒಬ್ಬರು ಅನ್ನುತ್ತಾರೆ. "ಬರೇ ಓಡಿದರ ಆತೇನು, ಹಿಡಿಬೇಕಲ್ಲ?" ಎಂದು ಇನ್ನೊಬ್ಬರು. "ಬುಲ್ ಕ್ರಾಸ್ ಸಾಕ್ರಿ, ಹಿಡಿದದ್ದು ಬಿಡೂದಿಲ್ಲ" ಎಂದು ಮೂರನೆಯವರು. ಅಷ್ಟರಲ್ಲಿ ಬಸ್ ಬರುತ್ತದೆ. ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವ ಗದ್ದಲದಲ್ಲಿ ವಾದ ಅಲ್ಲಿಗೇ ನಿಲ್ಲುತ್ತದೆ.

ಹಾಗೆ ಅರ್ಧಕ್ಕೆ ನಿಂತ ವಾದವನ್ನು ಇವತ್ತು ಮುಗಿಸಿಬಿಡೋಣ.

ಸೀಮೆಯವರ ಲರ್ಚರ್

ಕ್ರಾಸ್ ನಾಯಿಯ ಕಸುಬಿನಲ್ಲಿ ಇಂಗ್ಲೆಂಡ್, ಐರ್ಲೆಂಡಿನವರು ಹಳೆಯ ಕೈ. ಗ್ರೇಹೌಂಡಿನಂಥ ಓಟದ ನಾಯಿಗೆ ಬೇರೆ ತಳಿ ಬೆರೆಸಿ ಹುಟ್ಟಿಸಿದ ಬೇಟೆ ನಾಯಿಗೆ ಅವರು 'ಲರ್ಚರ್' ಅನ್ನುತ್ತಾರೆ. ಕುರಿ ಕಾಯುವ ಕೋಲಿ ನಾಯಿ ಬೆರೆಸಿದರೆ ಬುದ್ಧಿ, ಹೇಳಿದ ಮಾತು ಕೇಳುವ ಗುಣ. ಅರಬಸ್ತಾನದ ಕಡೆಯ ಸಲೂಕಿ ಬೆರೆಸಿದರೆ ದೂರದ ಓಟಕ್ಕೆ ದಮ್ಮು. ಬುಲ್ ಟೆರಿಯರ್ ಬೆರೆಸಿದರೆ ದವಡೆಯ ಬಲ, ಎದೆಗಾರಿಕೆ, ಮೈಭಾರ.

ಕೇಳುವುದಕ್ಕೆ ಎಲ್ಲವೂ ಲಾಭವೇ. ಆದರೆ ಅಂಗಡಿಕಾರರಿಗೆ ಗೊತ್ತಿರುವ ಮಾತು, ಒಂದು ಕಡೆ ತಕ್ಕಡಿ ಏರಿದರೆ ಇನ್ನೊಂದು ಕಡೆ ಇಳಿಯಲೇಬೇಕು. ಬುಲ್ ಕ್ರಾಸಿಗೆ ಭಾರ ಬಂದಷ್ಟು ತಿರುವಿನ ಚುರುಕು ಹೋಗುತ್ತದೆ, ದಮ್ಮು ಕಡಿಮೆಯಾಗುತ್ತದೆ. ಧೈರ್ಯ ಹೆಚ್ಚಾದಷ್ಟು ಹಿಂದೆ ಸರಿಯುವ ಬುದ್ಧಿ ಕಡಿಮೆ, ಮೈತುಂಬ ಗಾಯ. ಮೊಲದಂಥ ಹಗುರ ಪ್ರಾಣಿಯ ಹಿಂದೆ ಅದು ದಂಡ. ಗಟ್ಟಿ ಪ್ರಾಣಿಯನ್ನು ಹಿಡಿದು ನಿಲ್ಲಿಸುವುದಕ್ಕೆ ಮಾತ್ರ ಅದರ ಉಪಯೋಗ. ಗ್ರೇಹೌಂಡಿನ ರಕ್ತ ಹೆಚ್ಚಿರುವ ನಾಯಿ ನೆಟ್ಟನೆಯ ದಾರಿಯಲ್ಲಿ ಬಾಣದಂತೆ. ತಾಸಿಗೆ 70 ಕಿಲೋಮೀಟರಿನ ಆಸುಪಾಸಿನ ವೇಗ ಗ್ರೇಹೌಂಡಿನದು. ಆದರೆ ಮೊಲ ಗಕ್ಕನೆ ಹೊರಳಿದರೆ ಅದು ನಾಲ್ಕು ಮಾರು ಮುಂದೆ ಹೋಗಿ ನಿಂತಿರುತ್ತದೆ. ತೆಳು ಚರ್ಮ ಬೇರೆ. ಜಾಲಿ ಮುಳ್ಳಿಗೆ ಸಿಕ್ಕರೆ ಹೊಲಿಗೆಯೇ ಗತಿ.

ನಮ್ಮ ನೆಲ, ನಮ್ಮ ನಾಯಿ

ಈಗ ನಮ್ಮ ನೆಲ ನೋಡಿ. ಹುನಗುಂದದ ಕಡೆ ಎರೆ ಹೊಲ. ಬೇಸಿಗೆಯಲ್ಲಿ ಕಾಲು ಇಳಿಯುವಂಥ ಬಿರುಕು. ಇಳಕಲ್ ಸುತ್ತ ಕಲ್ಲು, ಕಣಿ. ಬಾದಾಮಿಯಲ್ಲಿ ಕೆಂಪು ಮರಳುಗಲ್ಲಿನ ಗುಡ್ಡ. ಮೇಲೆ ಸುಡು ಬಿಸಿಲು. ಇಂಥ ನಾಡಿಗೆಂದೇ ತಯಾರಾದದ್ದು ಮುಧೋಳ ನಾಯಿ. ಗಂಡು ನಾಯಿ 68ರಿಂದ 72 ಸೆಂಟಿಮೀಟರ್ ಎತ್ತರ, ಹೆಣ್ಣು 64ರಿಂದ 68. ಉದ್ದ ಮುಖ, ಆಳವಾದ ಎದೆ, ಒಳಗೆ ಹೋದ ಹೊಟ್ಟೆ, ಗಿಡ್ಡ ಕೂದಲು. ಕಣ್ಣು ಪಕ್ಕಕ್ಕಿರುವುದರಿಂದ ನೋಟದ ಹರವು ದೊಡ್ಡದು. ಮೂಗಿಗಿಂತ ಕಣ್ಣನ್ನೇ ನಂಬಿ ಓಡುವ ನಾಯಿ ಇದು. ಓಡುವಾಗ ಒಂದೊಂದು ನೆಗೆತಕ್ಕೆ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಗ್ರೇಹೌಂಡಿನಷ್ಟು ವೇಗ ಇಲ್ಲ ಎಂಬುದು ನಿಜ. ಬಿಸಿಲು ತಡೆಯುವುದರಲ್ಲಿ, ದೂರದವರೆಗೆ ದಮ್ಮು ಹಿಡಿಯುವುದರಲ್ಲಿ ಇದರದೇ ಮೇಲುಗೈ.

ಬೇಡರ ಬೇಟೆಗೆ ಜೊತೆಯಾಗಿದ್ದ ಈ ನಾಯಿಯನ್ನು ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಜತನದಿಂದ ಬೆಳೆಸಿದರು. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಜೋಡಿ ಮರಿ ಕಾಣಿಕೆ ಕೊಟ್ಟವರೂ ಅವರೇ. ಮಹಾರಾಷ್ಟ್ರದವರು ಇದೇ ಜಾತಿಗೆ ಕಾರವಾನ್ ಅನ್ನುತ್ತಾರೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು. 2016ರಲ್ಲಿ ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಮರಿಗಳು ಹೋದವು. 2021ರಲ್ಲಿ ವಾಯುಪಡೆಗೂ ಹೋದವು, ರನ್‌ವೇ ಮೇಲಿನ ಹಕ್ಕಿ ಓಡಿಸುವುದಕ್ಕೆ. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಉಂಟು.

ಬೇಟೆಯ ಮಾತು ಬಂದರೆ

ಇಲ್ಲೊಂದು ಮಾತು ಬಸ್ ಸ್ಟ್ಯಾಂಡಿನ ವಾದದಲ್ಲಿ ಯಾರ ಬಾಯಿಗೂ ಬರುವುದಿಲ್ಲ. "ಯಾವ ನಾಯಿ ಚಲೋ ಬೇಟೆ ಆಡತೈತಿ?" ಎಂಬ ಪ್ರಶ್ನೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಉತ್ತರ ಒಂದೇ: ಯಾವುದೂ ಆಡುವಂತಿಲ್ಲ! ಗುಂಡು ಹೊಡೆದರೆ ಮಾತ್ರ ಬೇಟೆ ಎಂದು ತಿಳಿದವರು ಬಹಳ ಮಂದಿ. ಬೆನ್ನಟ್ಟುವುದು, ಅಟ್ಟಿಸುವುದು, ಅದಕ್ಕೆ ಪ್ರಯತ್ನ ಮಾಡುವುದು ಕೂಡ ಕಾಯ್ದೆಯ ಪ್ರಕಾರ ಬೇಟೆಯೇ. ಮೊಲದ ಹಿಂದೆ ನಾಯಿ ಬಿಟ್ಟರೂ ಗುನ್ನೆ. ಕೃಷ್ಣಮೃಗ, ಚಿಂಕಾರದ ಹಿಂದೆ ಬಿಟ್ಟರಂತೂ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಒಳಗೆ. ನಮ್ಮದೇ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರಕ್ಕಾಗಿ ಅಭಯಾರಣ್ಯವಿದೆ ಎಂಬುದನ್ನು ಮರೆಯಬೇಡಿ. ಲರ್ಚರ್ ಹುಟ್ಟಿಸಿದ ಇಂಗ್ಲೆಂಡಿನಲ್ಲೇ 2005ರಿಂದ ನಾಯಿ ಬಿಟ್ಟು ಮೊಲ ಓಡಿಸುವ ಪಂದ್ಯ ಬಂದ್ ಆಗಿದೆ. ಇನ್ನು ಬುಲ್ ಕ್ರಾಸ್ ತಂದು ಕಾದಾಟಕ್ಕೆ ಬಿಡುತ್ತೇವೆ ಅನ್ನುವವರಿಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಕಾದು ಕುಳಿತಿದೆ.

ಹಾಗಾದರೆ ನಾಯಿಗೆ ಕೆಲಸ ಏನು? ಹೊಲ ಕಾಯುವುದು, ಮನೆ ಕಾಯುವುದು, ಜಾತ್ರೆಯ ಬಯಲಲ್ಲಿ ಓಡುವುದು. ಈ ಮೂರರಲ್ಲಿ ಮೊದಲಿನ ಎರಡಕ್ಕೆ ಕ್ರಾಸ್ ಬೇಕಾಗಿಯೇ ಇಲ್ಲ. ಗಂಟು ಬಿದ್ದಿರುವುದು ಮೂರನೆಯದರಲ್ಲಿ.

ಇನಾಮಿನ ಗಂಟು

ಎಲ್ಲ ನಾಯಿಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಮುಂದೆ ಬಂದದ್ದಕ್ಕೆ ಇನಾಮು ಅಂದರೆ ಗ್ರೇಹೌಂಡ್ ರಕ್ತದ ನಾಯಿಯೇ ಗೆಲ್ಲುವುದು. ಗೆದ್ದ ನಾಯಿಯ ಮರಿಗೆ ಗಿರಾಕಿ. ಸಾಕುವವನೂ ಹೊಟ್ಟೆಪಾಡಿನವನೇ, ತನ್ನ ಜಾತಿ ಹೆಣ್ಣು ನಾಯಿಗೆ ಕ್ರಾಸ್ ಮಾಡಿಸುತ್ತಾನೆ. ಮೊದಲ ಸೂಲಿನ ಮರಿಗಳು ಚುರುಕಾಗಿಯೇ ಇರುತ್ತವೆ. ಆ ಮರಿಗಳ ಮರಿಗಳಲ್ಲಿ ಎಲ್ಲ ಚೆಲ್ಲಾಪಿಲ್ಲಿ. ಒಂದಕ್ಕೆ ಕಾಲು, ಒಂದಕ್ಕೆ ಹೊಟ್ಟೆ, ಒಂದಕ್ಕೆ ಸಿಟ್ಟು. ಹೈಬ್ರಿಡ್ ಹತ್ತಿ ಬೆಳೆದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ವರ್ಷದ ಬೆಳೆ ಬಂಗಾರ, ಅದರದೇ ಬೀಜ ಎತ್ತಿಟ್ಟು ಬಿತ್ತಿದರೆ ಗೋಳು.

ಆಮೇಲೆ ಅದೇ ಮರಿಗಳು 'ಅಸಲ್ ಮುಧೋಳ' ಎಂಬ ಹೆಸರಿನಲ್ಲಿ ಬೆಂಗಳೂರು, ಪುಣೆಯವರಿಗೆ ಮಾರಾಟ. ಮಗ್ಗದ ಇಳಕಲ್ ಸೀರೆ ಎಂದು ಪವರ್‌ಲೂಮ್ ಸೀರೆ ಕಟ್ಟಿಕೊಟ್ಟ ಹಾಗೆ. ಅಂಗಡಿಯವನಿಗೆ ಒಂದು ದಿನದ ಲಾಭ, ಊರಿನ ಹೆಸರಿಗೆ ಹತ್ತು ವರ್ಷದ ಮಸಿ. ನಿಯತ್ತಾಗಿ ಜಾತಿ ನಾಯಿ ಸಾಕುವ ನೂರಾರು ಕುಟುಂಬಗಳ ಅನ್ನಕ್ಕೂ ಇದೇ ಕಲ್ಲು. ಕೊಂಡವರಾದರೂ ಸುಖವಾಗಿರುತ್ತಾರೆಯೇ? ಓಡುವ ನಾಯಿಯನ್ನು ಫ್ಲ್ಯಾಟಿನಲ್ಲಿ ಕಟ್ಟಿ ಹಾಕಿ, ಆರು ತಿಂಗಳಿಗೆ ಬೇಸತ್ತು ರಸ್ತೆಗೆ ಬಿಡುತ್ತಾರೆ.

ದಾರಿ ಇಲ್ಲವೇ?

ಇದೆ. ಅದೂ ನಮ್ಮ ಜಾತ್ರೆಯಲ್ಲೇ ಇದೆ. ದನದ ಜಾತ್ರೆಯಲ್ಲಿ ಹಲ್ಲು ಹಚ್ಚದ ಹೋರಿಗೆ ಒಂದು ಸಾಲು, ಎರಡು ಹಲ್ಲಿಗೆ ಒಂದು ಸಾಲು, ನಾಲ್ಕು ಹಲ್ಲಿಗೆ ಒಂದು ಸಾಲು ಮಾಡುವುದಿಲ್ಲವೇ? ಹಾಗೆಯೇ ನಾಯಿ ಓಟದಲ್ಲಿ ಜಾತಿ ನಾಯಿಗೆ ಬೇರೆ ಸಾಲು, ಕ್ರಾಸಿಗೆ ಬೇರೆ ಸಾಲು ಮಾಡಲಿ. ಪಶು ವೈದ್ಯರು ನಿಂತು ನೋಡಿ ಆರಿಸಲಿ. ಇನಾಮು ಜಾತಿ ನಾಯಿಗೂ ಸಿಕ್ಕರೆ, ಕ್ರಾಸಿನ ಆಸೆ ತಾನಾಗಿಯೇ ಇಳಿಯುತ್ತದೆ. ಜಾತ್ರಾ ಕಮಿಟಿಯವರು ಮನಸ್ಸು ಮಾಡಿದರೆ ಇದಕ್ಕೆ ಸರಕಾರದ ಒಂದು ರೂಪಾಯಿಯೂ ಬೇಡ.

ಮರಿ ಕೊಳ್ಳುವವರಿಗೂ ಒಂದು ಮಾತು. ಮರಿಯ ಮುಖ ನೋಡಿ ದುಡ್ಡು ಬಿಚ್ಚಬೇಡಿ, ತಾಯಿ ತಂದೆ ಎರಡನ್ನೂ ತೋರಿಸಿ ಅನ್ನಿ. ತೋರಿಸದಿದ್ದರೆ ಎದ್ದು ಬನ್ನಿ. ಮರಿಗೆ ಲಸಿಕೆ ಆಗಿದೆಯೇ ಕೇಳಿ. ಮನೆಯಲ್ಲಿ ಅದು ಓಡುವಷ್ಟು ಜಾಗ ಇಲ್ಲವೋ, ಆ ಆಸೆಯನ್ನೇ ಬಿಡಿ.

ಹಾಗಾದರೆ ತೀರ್ಪು ಏನು? ಇಂಗ್ಲೆಂಡಿನ ನೆಲಕ್ಕೆ ಯಾವ ಕ್ರಾಸ್ ಮೇಲೋ ಇಂಗ್ಲೆಂಡಿನವರು ನೋಡಿಕೊಳ್ಳಲಿ. ಈ ನೆಲ, ಈ ಬಿಸಿಲಿಗೆ ಬೇಕಾದ ನಾಯಿಯನ್ನು ನಮ್ಮ ಹಿರಿಯರು ಎಂದೋ ತಯಾರು ಮಾಡಿಟ್ಟು ಹೋಗಿದ್ದಾರೆ. ಬೇಟೆ ಹೋಯಿತು, ಹೋಗಲಿ. ನಾಯಿಯಾದರೂ ಉಳಿಯಬೇಡವೇ?

ಬಸ್ ಬಂತು ನೋಡಿ, ಟವೆಲ್ ಹಾಕಿ!