ಹೊಳೆ ಹಿಂದಕ್ಕೆ ಹರಿಯುವುದು ಪವಾಡವೇ? ಯುಗಾದಿ ರಜೆಗೆ ಹೊನ್ನಾವರಕ್ಕೆ ಹೊರಟವರು ಓದಿ

ಕೆಂಗೇರಿಯವರಿಗೆ ಗೊತ್ತಿರುವ ನದಿ ವೃಷಭಾವತಿ. ಅದು ಹರಿಯುವುದು ಒಂದೇ ದಿಕ್ಕಿಗೆ, ಅರ್ಕಾವತಿಯ ಕಡೆಗೆ. ಹಾಗಾಗಿ ಕರಾವಳಿಯ ಹೊಳೆಯೊಂದು ಸಮುದ್ರದಿಂದ ಒಳನಾಡಿಗೆ ಹರಿಯುವ ವಿಡಿಯೊ ‘ಪವಾಡ’ ಎಂಬ ಸಾಲಿನೊಂದಿಗೆ ಬಂದರೆ ನಂಬುವುದು ಸುಲಭ. ವಿಡಿಯೊ ನಿಜವೇ ಇರಬಹುದು, ಆದರೆ ಪವಾಡವಲ್ಲ. ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿ ಉಬ್ಬರದ ನೀರು ದಿನಕ್ಕೆ ಎರಡು ಸಲ ಒಳಗೆ ನುಗ್ಗುತ್ತದೆ. ಬೇಸಿಗೆಯಲ್ಲಿ ಇದು ಇನ್ನೂ ಸ್ಪಷ್ಟ.

ಕಾರಣ ಚಂದ್ರ ಮತ್ತು ಸೂರ್ಯರ ಸೆಳೆತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ‘ನಾವು ಬೆಳಗ್ಗೆ 7ಕ್ಕೆ ಹೋಗಿದ್ವಿ, ಸೂಪರ್’ ಎಂಬ ಸ್ನೇಹಿತರ ಮೆಸೇಜ್ ನಂಬಿ ಒಂದು ವಾರದ ನಂತರ ಅದೇ ಹೊತ್ತಿಗೆ ಹೋದರೆ, ಅವರು ಕಂಡ ಇಳಿತದ ಬದಲು ನಿಮಗೆ ಉಬ್ಬರ ಸಿಗುತ್ತದೆ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ-ಇಳಿತ ಎರಡೂ ಜೋರು. ಹಗಲು-ರಾತ್ರಿ ಸಮವಾಗುವ ಮಾರ್ಚ್ ಕೊನೆಯಲ್ಲಿ ಇನ್ನೂ ಜೋರು. ಯುಗಾದಿ ಬರುವುದೇ ಅಮಾವಾಸ್ಯೆಯ ಮಾರನೇ ದಿನ! ನಾವು ರಜೆ ಹಾಕಿ ಹೊರಡುವ ದಿನವೇ ಸೆಳೆತ ಹೆಚ್ಚು ಎಂಬುದು ಯಾರ ಫಾರ್ವರ್ಡ್‌ನಲ್ಲೂ ಇರುವುದಿಲ್ಲ.

ಹಕ್ಕಿ ನೋಡುವವರಿಗೆ ಇದರಲ್ಲಿ ಲಾಭವೂ ಇದೆ. ನೀರು ಇಳಿದಾಗ ಕಾಂಡ್ಲಾ ಗಿಡಗಳ ಬುಡದ ಕೆಸರು ತೆರೆದುಕೊಳ್ಳುತ್ತದೆ. ಅಲ್ಲಿನ ಹುಳು, ಪುಟ್ಟ ಏಡಿ, ಚಿಪ್ಪುಜೀವಿಗಳಿಗಾಗಿ ಸ್ಯಾಂಡ್‌ಪೈಪರ್, ಪ್ಲೋವರ್‌ಗಳು ಇಳಿಯುತ್ತವೆ. ಬೆಳ್ಳಕ್ಕಿ, ಮಿಂಚುಳ್ಳಿ ವರ್ಷವಿಡೀ ಸಿಗುತ್ತವೆ ಬಿಡಿ. ಆದರೆ ಚಳಿಗಾಲಕ್ಕೆ ಬಂದ ವಲಸೆ ಹಕ್ಕಿಗಳು ಮಾರ್ಚ್-ಏಪ್ರಿಲ್‌ನಲ್ಲಿ ಉತ್ತರಕ್ಕೆ ಮರಳುತ್ತವೆ. ಹೊರಡುವ ಮುನ್ನ ತಿಂದು ಮೈಯಲ್ಲಿ ಕೊಬ್ಬು ತುಂಬಿಕೊಳ್ಳಬೇಕು, ಅದೇ ದಾರಿಯ ಇಂಧನ. ಇಂಥ ಕೆಸರುಹಕ್ಕಿಗಳ ತಾಕತ್ತು ಎಷ್ಟೆಂದರೆ, 2022ರಲ್ಲಿ ಒಂದು ಬಾರ್‌-ಟೇಲ್ಡ್ ಗಾಡ್‌ವಿಟ್ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ ಸುಮಾರು 13,560 ಕಿ.ಮೀ. ಹಾರಿತು. ರೀಲ್ಸ್‌ಗಾಗಿ ಕಯಾಕ್ ನುಗ್ಗಿಸಿ ಹಿಂಡನ್ನು ಎಬ್ಬಿಸಿದರೆ ಖರ್ಚಾಗುವುದು ಆ ಇಂಧನವೇ. ಹಕ್ಕಿ ಮೇಯುವುದು ಬಿಟ್ಟು ತಲೆ ಎತ್ತಿ ನಿಮ್ಮನ್ನೇ ನೋಡಿತೆಂದರೆ ಹತ್ತಿರ ಬಂದದ್ದು ಸಾಕು, ಹುಟ್ಟು ನಿಲ್ಲಿಸಿ.

ಹೊರಡಲು ಯಾವ ಹೊತ್ತು ಒಳ್ಳೆಯದು? ಇಳಿತ ಮುಗಿದು ನೀರು ಏರಲು ಶುರುವಾದ ಸ್ವಲ್ಪ ಹೊತ್ತಿಗೆ. ಆಗ ಕೆಸರೂ ಕಾಣುತ್ತದೆ, ಸೆಳೆತವೂ ಒಳನಾಡಿನ ಕಡೆಗಿರುತ್ತದೆ. ಇಳಿತದ ನಡುವೆ ಅಳಿವೆಯ ಬಾಯಿಗೆ ಹೋದರೆ ಹೊಳೆಯ ಹರಿವು, ಇಳಿಯುವ ನೀರು ಎರಡೂ ಸೇರಿ ಸಮುದ್ರಕ್ಕೆ ಎಳೆಯುತ್ತವೆ. ಎದುರು ಹುಟ್ಟು ಹಾಕಿ ತೋಳು ಸೋತರೆ ಈಜು ಬಂದರೂ ಕಷ್ಟ. ಲೈಫ್ ಜಾಕೆಟ್ ಮೈಮೇಲಿರಲಿ, ದೋಣಿಯಲ್ಲಲ್ಲ. ಆ ದಿನದ ಉಬ್ಬರದ ಸಮಯವನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಮುನ್ಸೂಚನೆಯಲ್ಲಿ ನೋಡಬಹುದು. ಅದಾದ ಮೇಲೂ ಸ್ಥಳೀಯ ದೋಣಿಯವರನ್ನು ಒಮ್ಮೆ ಕೇಳಿ: ‘ಅಣ್ಣಾ, ನೀರು ಯಾವಾಗ ತಿರುಗುತ್ತೆ?’